ಇಂಜಿನಿಯರನ ಕೈಗೆ ಎರಡು ಡಜನ್ ಬಳೆ

ಗಂಡಸು ಸೀರೆ ಉಟ್ಟರೆ ಊರು ಸುಮ್ಮನಿರುವ ಹೊತ್ತುಗಳೂ ಇವೆ. ದೇವರ ಹರಕೆ ಅಂದರೆ ಕೈ ಮುಗಿಯುತ್ತದೆ. ನಾಟಕ ಅಂದರೆ ಚಪ್ಪಾಳೆ ತಟ್ಟುತ್ತದೆ. ಕಾಮಣ್ಣನ ಹಬ್ಬದ ಸೋಗು ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಪೀರಬಿಯ ತಮ್ಮ ಚಮನಸಾಬನಿಗೆ ಹರಕೆ ಇರಲಿಲ್ಲ, ನಾಟಕ ಗೊತ್ತಿರಲಿಲ್ಲ, ಯಾರನ್ನೂ ನಗಿಸುವ ಉಮೇದೂ ಇರಲಿಲ್ಲ. ಅವನಿಗೆ ಸೀರೆ ಸೇರುತ್ತಿತ್ತು, ಉಡುತ್ತಿದ್ದ.

ಅದರ ಮೇಲೆ ಅವನಿಗೆ ಮೀಸೆ ಬೇರೆ. ಹುರಿ ಮಾಡಿದ ದಪ್ಪ ಮೀಸೆ, ತುದಿಯಲ್ಲಿ ಒಂದಿಷ್ಟು ನರೆ. ಮೀಸೆ ಬೋಳಿಸಿದ್ದರೆ ಊರು ಏನೋ ಒಂದು ಹೆಸರಿಟ್ಟು ಮೂಲೆಯಲ್ಲಿ ಕೂಡ್ರಿಸಿ ಮರೆತುಬಿಡುತ್ತಿತ್ತು. “ಮೀಸಿ ಆದ್ರೂ ತಗಿ, ಇಲ್ಲ ಸೀರಿ ಆದ್ರೂ ಬಿಡು, ಚಮನಣ್ಣಾ” ಅಂತ ಬಳೆ ಇಡಿಸಿಕೊಳ್ಳಲು ಬಂದ ಹೆಣ್ಣುಮಕ್ಕಳೇ ಎಷ್ಟೋ ಸಲ ಬುದ್ಧಿ ಹೇಳಿದ್ದರು.

“ಮೀಸಿ ತಾನ ಬಂದದವ್ವಾ, ಸೀರಿ ನಾ ತಂದೀನಿ. ಎರಡೂ ನನ್ನವ. ಯಾವ್ದನ್ನ ಬಿಡ್ಲಿ?” ಅನ್ನುತ್ತಿದ್ದ ಚಮನಸಾಬ, ಅವರ ಬೆರಳ ಗೆಣ್ಣುಗಳನ್ನು ಒತ್ತುತ್ತಲೇ. ಅವರು ಉತ್ತರ ಹುಡುಕುವುದರೊಳಗೆ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಜೇವರ್ಗಿ ಪೇಟೆಯಲ್ಲಿ ದೌಲತರಾಯರ ಎರಡಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯೇ ಅಕ್ಕತಮ್ಮಂದಿರ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಪೀರಬಿ ಕೂಡುತ್ತಿದ್ದಳು. ಹಿಂದೆ ಒಂದು ಪರದೆ. ಪರದೆಯ ಆಚೆ ಚಾಪೆ ಹಾಸಿಕೊಂಡು ಚಮನಸಾಬ ಬಳೆ ತೊಡಿಸುತ್ತಿದ್ದ. ಅಲ್ಲಿ ಅವನು ಸೀರೆಯಲ್ಲಿರಬಹುದು. ಹೊರಗೆ ಚಹಾಕ್ಕೆ ಹೋಗಬೇಕಾದರೂ ಪೈಜಾಮ, ಅಂಗಿ. ಇದು ಪೀರಬಿ ಹಾಕಿದ ಕಟ್ಟು. ಇಪ್ಪತ್ತೈದು ವರ್ಷದಿಂದ ಮುರಿಯದೆ ನಡೆದಿತ್ತು.

ಕಟ್ಟು ಹಾಕಲು ಕಾರಣವಿತ್ತು. ಆಗ ಅವರು ಅಫಜಲಪುರದಲ್ಲಿದ್ದರು. ಹರೆಯದ ಚಮನಸಾಬ ಒಂದು ದಿನ ಗುಲಾಬಿ ಸೀರೆಯುಟ್ಟು ಬಸ್ ಸ್ಟ್ಯಾಂಡಿನ ತನಕ ನಡೆದುಹೋದ. ಹೋದದ್ದು ನಡೆದು, ಬಂದದ್ದು ಚಾದರದಲ್ಲಿ ಸುತ್ತಿಕೊಂಡು. ಮೈಮೇಲೆ ಸೀರೆಯ ಒಂದು ನೂಲು ಬಿಟ್ಟಿರಲಿಲ್ಲ ಮಂದಿ. ಆ ವಾರವೇ ಪೀರಬಿ ತಮ್ಮನನ್ನೂ ಗಂಡನನ್ನೂ ಬಳೆಯ ಪೆಟ್ಟಿಗೆಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ಜೇವರ್ಗಿಗೆ ಬಂದಳು. ಗಂಡ ತೀರಿದ ಮೇಲೂ ಅಂಗಡಿ ನಿಂತದ್ದು ತಮ್ಮನ ಕೈಗುಣದಿಂದ. ಅವನ ಕೈಯಲ್ಲಿ ನೋವಾಗದೆ ಬಳೆ ಇಳಿಯುತ್ತದೆ ಅಂತ ಸುತ್ತಲಿನ ಹಳ್ಳಿಯ ಬಸುರಿಯರೆಲ್ಲ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅವನನ್ನೇ ಕೇಳಿಕೊಂಡು ಬರುತ್ತಿದ್ದರು.

ಪೀರಬಿಯ ಲೆಕ್ಕ ಸರಳ. ಊರು ಪೂರ್ತಿ ಕೊಡುವುದಿಲ್ಲ. ಅರ್ಧ ಬಿಟ್ಟುಕೊಟ್ಟು ಅರ್ಧ ಉಳಿಸಿಕೊಳ್ಳಬೇಕು. ಪರದೆಯ ಹಿಂದಿನ ಆ ಚಾಪೆಯಷ್ಟು ಜಾಗ ತಮ್ಮನಿಗೆ ಉಳಿಸಿಕೊಟ್ಟಿದ್ದೇನೆ ಅಂತ ಅವಳಿಗೆ ಸಮಾಧಾನವಿತ್ತು.

ಆ ಬೇಸಿಗೆಯಲ್ಲಿ ನಲ್ಲಿಯ ನೀರು ನಿಂತಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಮಂದಿ ಖಾಲಿ ಕೊಡಗಳನ್ನು ನಲ್ಲಿಯ ಮುಂದೆ ಸಾಲಿಟ್ಟು ಕಾದು ಸಾಕಾದರು. ಒಂದು ಮಧ್ಯಾಹ್ನ ದೌಲತರಾಯರು ಮೆಟ್ಟಿಲಿಳಿದು ಅಂಗಡಿಯ ಮುಂದೆ ನಿಂತರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಮೊಬೈಲು. ಕೆಟ್ಟ ಮನುಷ್ಯರಲ್ಲ. ನಾಲ್ಕು ಮಂದಿ ಹಿಂದೆ ನಡೆದರೆ ಮಾತ್ರ ಅವರಿಗೆ ಉಂಡದ್ದು ಅರಗುತ್ತಿತ್ತು, ಅಷ್ಟೇ.

“ಪೀರಮ್ಮ, ಎರಡು ಡಜನ್ ಹಸರ ಬಳಿ ಕಟ್ಟು.”

“ಮನ್ಯಾಗ ಕುಬಸ ಅದೇನ್ರಿ, ಸಾವ್ಕಾರ್ರ?”

“ಹೌದವಾ, ನೀರಿನ ಆಫೀಸಿನ ಇಂಜಿನಿಯರನ ಕುಬಸ!” ಅಂತ ಹೇಳಿ ತಾವೇ ನಕ್ಕರು. “ನಾಳಿಗಿ ಮೆರವಣಿಗಿ ಅದ. ನೀರು ಬಿಡಲಾರದ ಗಂಡಸಿಗೆ ಬಳಿ ಇಡಸಿ, ಸೀರಿ ಉಡಸಿ, ಕುಂಕುಮ ಹಚ್ಚಿ ಬರ್ತೇವಿ. ಮೊಬೈಲ್ ನ್ಯೂಜಿನವರಿಗೂ ಹೇಳೀನಿ.”

“ಯಾವ ಅಳತಿ ಕಟ್ಟಲಿರಿ?”

“ಅಪಮಾನ ಮಾಡಾಕ ಅಳತಿ ಯಾತಕ್ಕ ಬೇಕು?”

“ಅಪಮಾನ ಆದ್ರೂ ಕೈಗೆ ಹತ್ತಬೇಕಲ್ರಿ” ಅಂದಳು ಪೀರಬಿ. ವ್ಯಾಪಾರ ಅಂದರೆ ವ್ಯಾಪಾರ.

ದೌಲತರಾಯರು ಆ ಮಾತಿಗೂ ನಕ್ಕು, ದನಿ ತಗ್ಗಿಸಿದರು. “ಇನ್ನೊಂದು ಅದ. ನಾವು ಬಳಿ ಕೊಟ್ರ ಏನ್ ಮಜಾ? ನಮ್ಮ ಚಮನ್ಯಾ ಸೀರಿ ಉಟ್ಕೊಂಡು ಬಂದು ಇಡಸ್ಲಿ. ಮೀಸಿ ಹೊತ್ತಾವ ಸೀರಿ ಉಟ್ಟು ಬಂದು ಇಂಜಿನಿಯರನ ಕೈ ಹಿಡದ್ರ ಕಲಬುರಗಿ ತನಕ ಸುದ್ದಿ ಹೋಗ್ತದ.”

ಆಗುವುದಿಲ್ಲ ಅನ್ನುವುದನ್ನು ಹೇಗೆ ಮೆತ್ತಗೆ ಹೇಳಲಿ ಅಂತ ಪೀರಬಿ ಹುಡುಕುತ್ತಿರುವಾಗಲೇ ಪರದೆಯ ಹಿಂದಿನಿಂದ ದನಿ ಬಂತು.

“ಬರ್ತೇನ್ರಿ.”

“ಶಾಬಾಸ್!” ಅಂದರು ದೌಲತರಾಯರು.

“ಒಂದ ಮಾತು, ಸಾವ್ಕಾರ್ರ. ಸೀರಿ ನಂದ ಉಡ್ತೇನಿ. ಇಲ್ಲಿಂದ ಉಟ್ಕೊಂಡ ಹೋಗ್ತೇನಿ, ಉಟ್ಕೊಂಡ ಬರ್ತೇನಿ. ನಡುವ ಯಾರೂ ಕೈ ಹಾಕಬಾರ್ದು.”

“ಯಾರ್ ಕೈ ಹಾಕ್ತಾರಲೇ! ನಾ ಇರ್ತೇನಲ್ಲ” ಅಂತ ದೌಲತರಾಯರು ಟವೆಲು ಸರಿಮಾಡಿಕೊಂಡು ಹೋದರು.

ಅವತ್ತು ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಪೀರಬಿ ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿತು. ಸಿಟ್ಟು ಬಂದರೆ ಅವಳ ರೊಟ್ಟಿ ಹಾಳೆಯಷ್ಟು ತೆಳ್ಳಗಾಗುತ್ತಿತ್ತು.

“ನಗಾಕ ಕರದಾರೋ ಹುಚ್ಚಾ. ನಿನ್ನ ಮೆರಸಾಕಲ್ಲ.”

“ಗೊತ್ತದ, ಆಪಾ.”

“ಕ್ವಾಣದ ಕೊರಳಿಗೆ ಹೂವಿನ ಹಾರ ಯಾತಕ್ಕ ಹಾಕ್ತಾರಂತ ಗೊತ್ತದೇನು?”

“ಅದೂ ಗೊತ್ತದ.” ಚಮನಸಾಬ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಒತ್ತಿಕೊಂಡ. “ನಾ ಸಾಯೂದ್ರಾಗ ಒಮ್ಮೆ ಹಗಲೊತ್ತಿನ್ಯಾಗ ಈ ಪ್ಯಾಟಿಯೊಳಗ ಸೀರಿ ಉಟ್ಕೊಂಡು ನಡೀಬೇಕು. ಊರು ತಾನ ಬಾಗಲಾ ತಗದದ. ಯಾತಕ್ಕ ತಗೀತು ಅಂತ ಯಾಕ ಕೇಳ್ಲಿ?”

“ಅಫಜಲಪುರ ಮರ್ತಿ?”

“ನೀ ಮರೀಲಾಕ ಬಿಟ್ಟೀಯೇನು? ಇಪ್ಪತ್ತೈದು ವರ್ಷ ಆತು, ದಿನಾ ಮುಂಜಾನಿ ಪರದಿ ಜಗ್ಗಿದಾಗೊಮ್ಮೆ ನೆನಪ ಮಾಡ್ತಿ.”

ಪೀರಬಿ ಹಂಚಿನ ಮೇಲಿನ ರೊಟ್ಟಿ ಮರೆತಳು. ಅದು ಕರಕಾಯಿತು. ತಮ್ಮನಿಗೆ ತಾನು ಉಳಿಸಿಕೊಟ್ಟದ್ದು ಅಂತ ತಿಳಿದಿದ್ದ ಜಾಗ ಅವನಿಗೆ ಅಷ್ಟೊಂದು ಇಕ್ಕಟ್ಟಾಗಿತ್ತು ಅನ್ನುವುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ಸೋಲಲಿಲ್ಲ. “ಅಂಗಡಿ ಹ್ವಾದ್ರ ನಿನ್ನ ಸೀರಿ ತಿಂತೀವೇನು?” ಅಂತ ಕೇಳಿಯೇ ಕೇಳಿದಳು. ಚಮನಸಾಬ ನೀರು ಕುಡಿದು ಎದ್ದ.

ಮರುದಿನ ಚಮನಸಾಬ ಹಸಿರು ಇಳಕಲ್ ಸೀರೆ ಉಟ್ಟ. ಕೆಂಪು ಟೋಪ್ ತೆನೆ ಸೆರಗು, ಮ್ಯಾಚಿಂಗ್ ಜಂಪರು, ಎರಡೂ ಕೈಗೆ ಬಳೆ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ, ಮೀಸೆಗೂ ಹಚ್ಚಿದ್ದ. ಬಳೆಯ ಪೆಟ್ಟಿಗೆಯನ್ನು ಪೀರಬಿ ಎತ್ತಿಕೊಂಡಳು. “ನೀ ಯಾಕ ಬರ್ತಿ?” ಅಂದ. “ಗಾಜಿನ ಮಾಲು. ಮಂದಿ ಕೈಯಾಗ ಕೊಡಂಗಿಲ್ಲ” ಅಂದಳು. ಖರೆ ಮಾತು ಬೇರೆ ಇತ್ತು. ಪೆಟ್ಟಿಗೆಯ ತಳದಲ್ಲಿ ಒಂದು ದಪ್ಪ ಚಾದರ ಮಡಿಚಿ ಇಟ್ಟುಕೊಂಡಿದ್ದಳು.

ಮೆರವಣಿಗೆ ಪೇಟೆಯ ನಡುವಿನಿಂದ ಹೊರಟಿತು. ಮುಂದೆ ಹಲಗೆ ಬಾರಿಸುವವರು, ಅವರ ಹಿಂದೆ ದೌಲತರಾಯರು, ಅವರ ಬಗಲಲ್ಲಿ ಚಮನಸಾಬ. ಹಿಂದೆ ಖಾಲಿ ಕೊಡ ಹೊತ್ತ ಹೆಣ್ಣುಮಕ್ಕಳು. ಆ ಹೆಣ್ಣುಮಕ್ಕಳ ನಡುವೆ ದೌಲತರಾಯರ ತಾಯಿ ಕಸ್ತೂರಿಬಾಯಿಯೂ ಇದ್ದರು. ಎಪ್ಪತ್ತು ದಾಟಿದ ಮುದುಕಿ, ವಿಧವೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಗಲಲ್ಲಿ ಹಿತ್ತಾಳೆ ಕೊಡ. ಮಗ ಹೇಳಿದ್ದಕ್ಕೆ ಬಂದಿದ್ದರು.

ಹುಡುಗರು ಸೀಟಿ ಹೊಡೆದರು. “ಏ ಚಮನಾಬಾಯಿ, ಲಗ್ನ ಯಾವಾಗ?” ಅಂತ ಪಾನ್ ಅಂಗಡಿಯಿಂದ ಒಬ್ಬ ಕೂಗಿದ. ಚಮನಸಾಬ ಯಾರ ಕಡೆಯೂ ತಿರುಗಲಿಲ್ಲ. ಅವನ ನಡಿಗೆಯಲ್ಲಿ ಕುಣಿತವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಸಂತೆಗೆ ಹೊರಟ ಹೆಂಗಸು ಹೇಗೆ ನಿರಿಗೆ ಒದ್ದುಕೊಂಡು ಬಿರಬಿರನೆ ನಡೆಯುತ್ತಾಳೋ ಹಾಗೆ ನಡೆದ. ನಗಲು ನಿಂತವರಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಯಿತು. ಸೋಗಿನವನು ಸೋಗು ಮಾಡದಿದ್ದರೆ ಏನು ನೋಡುವುದು?

ಚಹಾದಂಗಡಿಯ ಮುಂದೆ ಪೀರಬಿಯ ಮೈದುನ ಬುರಾನುದ್ದೀನ ಕಾದು ನಿಂತಿದ್ದ. ಟೈರ್ ಅಂಗಡಿಯವನು. ಅವನು ಅವಳ ಜೊತೆ ಹೆಜ್ಜೆ ಹಾಕುತ್ತ ಹಲ್ಲು ಕಚ್ಚಿ ಮಾತಾಡಿದ. “ಏನಿದು ಭಾಬಿ? ಖಾನದಾನದ ಇಜ್ಜತ್ ಪ್ಯಾಟ್ಯಾಗ ಹರಾಜ್ ಹಾಕಾಕತ್ತೀರಿ.”

ಪೀರಬಿಯ ನಾಲಿಗೆ ತಪ್ಪಲಿಲ್ಲ. “ನಿಮ್ಮಣ್ಣ ಹ್ವಾದ ಮ್ಯಾಲ ಖಾನದಾನ ನನ್ನ ಬಾಗಲಕ್ಕ ಬಂದು, ಉಂಡೀ ಏನವ್ವಾ ಅಂತ ಕೇಳಿಲ್ಲ. ಇವತ್ತ ಇಜ್ಜತ್ ಹುಡುಕ್ಕೋತ ಬಂದದೇನು? ಸರೀರಿ, ಪೆಟಗಿ ಬಡೀತದ.”

ಬುರಾನುದ್ದೀನ ಸರಿದ.

ನೀರಿನ ಆಫೀಸಿನ ಮುಂದೆ ಮೆರವಣಿಗೆ ನಿಂತಿತು. ನಾಲ್ಕೈದು ಮೊಬೈಲುಗಳು ಮೇಲೆದ್ದವು. ಮಂದಿ ಒಳಹೊಕ್ಕು ಇಂಜಿನಿಯರನನ್ನು ಹೊರಗೆ ಕರೆತಂದರು. ತೆಳ್ಳಗಿನ ಹುಡುಗ. ಬೇರೆ ಕಡೆಯಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿರಲಿಲ್ಲ. ಕೊರಳಿನ ಬೆವರು ಅಂಗಿಯ ಒಳಗೆ ಇಳಿಯುತ್ತಿತ್ತು.

ಚಮನಸಾಬ ಆಫೀಸಿನ ಮೆಟ್ಟಿಲ ಮೇಲೆ ಕುಳಿತ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಮುಚ್ಚಳ ತೆಗೆದ. ಹಸಿರು ಬಳೆಗಳು ಬಿಸಿಲಿಗೆ ಹೊಳೆದವು. ಅಂಗೈ ಚಾಚಿದ.

“ಕೈ ಕೊಡ್ರಿ, ಸಾಹೇಬ್ರ.”

ಇದು ಅವನು ದಿನಾ ಎಲ್ಲರಿಗೂ ಹೇಳುವ ಮಾತು. ಮದುವಣಗಿತ್ತಿಗೂ ಇದೇ, ಮುದುಕಿಗೂ ಇದೇ. ಇಂಜಿನಿಯರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮಂದಿ ಕೇಕೆ ಹಾಕಿತು.

“ಒಲ್ಲೇನ್ರಿ?” ಅಂತ ಚಮನಸಾಬ ಕೇಳಿದ. ಅಣಕಿಸುವ ದನಿಯಲ್ಲ, ತಿಳಿದುಕೊಳ್ಳುವ ದನಿ.

“ಬೇಡ... ಬೇಡ ನನಗೆ” ಅಂದ ಹುಡುಗ.

“ಆತು ಬಿಡ್ರಿ” ಅಂತ ಚಮನಸಾಬ ಪೆಟ್ಟಿಗೆಯ ಮುಚ್ಚಳ ಹಾಕಿದ.

ಹಲಗೆ ನಿಂತಿತು. ದೌಲತರಾಯರು ಬಗ್ಗಿ, ಮೊಬೈಲುಗಳ ಕಡೆ ನಗೆಮುಖ ಇಟ್ಟುಕೊಂಡೇ ಗದರಿದರು. “ಏ, ಏನ್ ಮಾಡಾಕತ್ತೀಲೇ? ಹಿಡದು ಇಡಸು!”

“ಹಿಡದು ಇಡಸೂದಿಲ್ರಿ, ಸಾವ್ಕಾರ್ರ. ನಮ್ಮ ಮನತನದಾಗ ಆ ರಿವಾಜ್ ಇಲ್ಲ. ತೊಟ್ಟಿಲ ಕೂಸಿಗೂ ನಗಿಸಿ ಇಡಸ್ತೇವಿ. ಮನಸಿಲ್ಲದ ಕೈ ಬಿಗೀತದ, ಬಳಿ ಹೆಚ್ಚಾಗ್ತದ.”

ಬಳೆ ಒಡೆಯಿತು ಅಂತ ಬಳೆಯ ಮನೆಯವರು ಯಾವತ್ತೂ ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತಾರೆ. ಅಶುಭದ ಮಾತು ಅವರ ಬಾಯಿಗೆ ಬರುವುದಿಲ್ಲ.

“ಅಪಮಾನ ಮಾಡಾಕ ಬಂದೀವಿ, ಮದಿವಿ ಮಾಡಾಕಲ್ಲ!”

“ಬಳಿಯೊಳಗ ಅಪಮಾನ ಎಲ್ಲದರಿ?” ಚಮನಸಾಬ ಎದ್ದು ನಿಂತ. ಎರಡೂ ತೋಳು ಎತ್ತಿದ. ಬಳೆಗಳು ಮೊಳಕೈ ಕಡೆ ಜಾರಿ ಸದ್ದು ಮಾಡಿದವು. “ಇಲ್ನೋಡ್ರಿ, ನನ್ನ ಕೈಯಾಗೂ ಅದಾವ. ಸೀರಿನೂ ಅದ. ಪ್ಯಾಟಿ ಪೂರಾ ದಾಟಿ ಬಂದೀನಿ, ಎಲ್ಲಾರೂ ನಕ್ರಿ. ಅಪಮಾನ ಆಗೂದಿದ್ರ ನನಗ ಆಗಬೇಕಿತ್ತಲ್ರಿ? ನನಗ ಆಗಿಲ್ಲ. ನನಗಾಗಲಾರದ್ದು ಈ ಸಾಹೇಬ್ರಿಗೆ ಯಾಕಾಗಬೇಕು? ಹಿಂದ ಕೊಡಾ ಹೊತ್ತು ನಿಂತಾರಲ್ಲ, ಅಕ್ಕದೇರು, ಅವರನ್ನ ಕೇಳ್ರಿ. ದಿನಾ ಬಳಿ ಇಟ್ಕೊಂಡು ರೊಟ್ಟಿ ಬಡೀತಾರ, ಹೊಲಾ ಕಸಾ ತಗೀತಾರ. ದಿನಾ ಅಪಮಾನ ಆಗ್ತದೇನವ್ವಾ ನಿಮಗ?”

ನಕ್ಕದ್ದು ಒಬ್ಬಿಬ್ಬರು. ಉಳಿದ ಹೆಂಗಸರು ತಮ್ಮ ಮಣಿಕಟ್ಟು ನೋಡಿಕೊಂಡರು. ಬೆಳಗಿನಿಂದ ಅವರೂ ಚಪ್ಪಾಳೆ ತಟ್ಟುತ್ತಲೇ ಬಂದಿದ್ದರು. ಈ ಹಸಿರು ಬಳೆ ಯಾರನ್ನು ಹಳಿಯುತ್ತಿದೆ ಅಂತ ಯೋಚಿಸಿರಲಿಲ್ಲ.

ದೌಲತರಾಯರು ನಗೆಯಲ್ಲೇ ಮುಗಿಸಲು ನೋಡಿದರು. “ಏ, ಇವಗ ಬಿಸಲ ಹತ್ತ್ಯಾದ, ಕರಕೊಂಡು ಹೋಗ್ರಿ...”

“ದೌಲತ್ಯಾ” ಅಂತ ಹಿಂದಿನಿಂದ ಕೂಗಿದ್ದು ಕಸ್ತೂರಿಬಾಯಿ. ಮುದುಕಿ ಕೊಡ ಕೆಳಗಿಟ್ಟು ಮುಂದೆ ಬಂದರು. ದನಿ ದೊಡ್ಡದಲ್ಲ, ಆದರೆ ಹಲಗೆ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. “ನಿಮ್ಮಪ್ಪ ಹ್ವಾದಾಗ ನಾಕ ಮಂದಿ ನನ್ನ ಹಿಡಕೊಂಡು ಕೈಯಾನ ಬಳಿ ತಗದ್ರು. ನೀನೂ ಅಲ್ಲೇ ನಿಂತಿದ್ದಿ. ನಾ ಅಳಾಕತ್ತಿದ್ದೆ. ಬಳಿ ಅಂದ್ರ ಅಪಮಾನ ಇದ್ರ, ಅವತ್ತ ನೀವೆಲ್ಲಾ ಕೂಡಿ ನನಗ ಮರ್ಯಾದಿ ಮಾಡಿದ್ರೇನಪಾ? ನಾ ಇಷ್ಟು ವರ್ಷ ತಿಳಕೊಂಡೇ ಇಲ್ಲ ನೋಡು.”

ದೌಲತರಾಯರು ಟವೆಲಿನಿಂದ ಮುಖ ಒರೆಸಿಕೊಂಡರು. ಮೊಬೈಲುಗಳು ಎತ್ತಿದಂತೆಯೇ ಇದ್ದವು.

ಆಗ ಮುಂದೆ ಬಂದವಳು ಕಟಗರ ಓಣಿಯ ಶಿವಕಾಂತಾ. ನಾಲ್ಕು ಮಕ್ಕಳ ತಾಯಿ, ಅವಳಿಗೆ ಹೊತ್ತಿರಲಿಲ್ಲ. “ಬಳಿ ಮಾತು ಆಮ್ಯಾಲ ಮಾಡ್ಕೋರಿ. ಏ ಸಾಹೇಬ, ನೀರ ಯಾವಾಗ ಬಿಡ್ತಿ, ಅದನ್ನ ಹೇಳು.”

ಇಂಜಿನಿಯರ ಬೆನ್ನ ಹಿಂದಿನ ಕೈ ಬಿಡಿಸಿದ. ಮೋಟಾರು ಸುಟ್ಟಿದೆ, ರಿಪೇರಿಗೆ ಹೋಗಿದೆ, ನಾಳೆ ಸಂಜೆಯೊಳಗೆ ಕೂಡಿಸುತ್ತೇವೆ, ಅಲ್ಲಿಯ ತನಕ ಟ್ಯಾಂಕರ್ ಕಳಿಸುತ್ತೇನೆ ಅಂದ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಶಿವಕಾಂತಾ ಕೇಳಿದಳು. ಯಾರೂ ಕೇಳಲಿಲ್ಲ ಅಂದ. ಅದೂ ಖರೆಯೇ.

ಮಂದಿ ಚದುರಿತು. ಹಲಗೆಯವರು ಹಲಗೆ ಹೆಗಲಿಗೇರಿಸಿದರು. ಆಗ ಪೀರಬಿಗೆ ಬೆಳಗಿಗಿಂತ ಹೆಚ್ಚು ಹೆದರಿಕೆಯಾಯಿತು. ಬರುವಾಗ ತಮ್ಮ ಊರಿನ ಸೋಗಾಗಿ ಬಂದಿದ್ದ, ಊರೇ ಕಾವಲಿತ್ತು. ಈಗ ಮೆರವಣಿಗೆ ಇಲ್ಲ, ಹಲಗೆ ಇಲ್ಲ, ದೌಲತರಾಯರು ತಾಯಿಯನ್ನು ಬಿಟ್ಟು ಕಾರು ಹತ್ತಿ ಹೋಗಿದ್ದರು. ಉಳಿದದ್ದು ಸೀರೆ ಉಟ್ಟ ಗಂಡಸು ಮತ್ತು ಬಿಸಿಲು.

“ಚಾದರ ತಂದೀನಿ” ಅಂದಳು ಮೆಲ್ಲಗೆ.

“ಚಳಿ ಇಲ್ಲ, ಆಪಾ” ಅಂದ ಚಮನಸಾಬ.

ಇಬ್ಬರೂ ನಡೆದರು. ಬೆಳಿಗ್ಗೆ ಸೀಟಿ ಹೊಡೆದ ಹುಡುಗರು ಪಾನ್ ಅಂಗಡಿಯ ಹತ್ತಿರ ಹಾಗೆಯೇ ಇದ್ದರು. ಈಗ ನಗುತ್ತಿರಲಿಲ್ಲ. ತಮಾಷೆಗೆ ಬಂದವನು ತಮಾಷೆ ಮಾಡದೆ ಮಾತಾಡಿದ್ದು ಅವರಿಗೆ ಎಲ್ಲೋ ಚುಚ್ಚಿತ್ತು. ಅವರಲ್ಲೊಬ್ಬ ಹಿಂದಿನಿಂದ ಬಂದು ಚಮನಸಾಬನ ಸೆರಗು ಹಿಡಿದು ಜಗ್ಗಿದ.

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಪೀರಬಿ ಇರಲಿಲ್ಲ. ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಯೋಚಿಸಲು ಹೋಗಲಿಲ್ಲ. ಪೆಟ್ಟಿಗೆ ತಮ್ಮನ ಕೈಗೆ ಕೊಟ್ಟು, ಸೆರಗು ಹಿಡಿದ ಆ ಹುಡುಗನ ಮಣಿಕಟ್ಟು ಗಪ್ಪನೆ ಹಿಡಿದಳು.

“ಲೇ, ನೀ ಗಂಜ್ ಓಣಿ ಸಿದ್ದಲಿಂಗಲ್ಲೇನು? ನಿಮ್ಮವ್ವನ ಕುಬಸಕ್ಕ ಬಳಿ ಇಡಸಿದಾವ ಇವನ. ಆವಾಗ ನೀ ಹೊಟ್ಯಾಗ ಇದ್ದಿ. ಒಳಗಿದ್ದಾಗ ಸುಮ್ನ ಇದ್ದಾವ ಹೊರಗ ಬಂದು ಸೆರಗ ಜಗ್ತೀಯೇನು? ನಡಿ, ನಿಮ್ಮವ್ವನ ಕಡೆ ಹೋಗೂಣು. ಈ ಮೀಸಿ ಬಳಿಗಾರನ ಕೈ ಮೆತ್ತಗಿತ್ತೋ ಇಲ್ಲೋ, ಕೇಳೂಣು ನಡಿ!”

ಗೆಳೆಯರಲ್ಲೊಬ್ಬ ಕಿಸಕ್ಕೆಂದ. ಸಿದ್ದಲಿಂಗ ಸೆರಗು ಬಿಟ್ಟ. ಪೀರಬಿ ಅವನ ಕೈ ಮಾತ್ರ ಇನ್ನೊಂದು ಗಳಿಗೆ ಬಿಡಲಿಲ್ಲ, ಅವನಾಗಿಯೇ “ಬಿಡಬೇ ಪೀರಮ್ಮ, ತಪ್ಪಾತು” ಅನ್ನುವ ತನಕ. ಆಮೇಲೆ ಮನೆ ಮುಟ್ಟುವವರೆಗೆ ತಮ್ಮನ ಹಿಂದೆ ನಡೆಯಲಿಲ್ಲ, ಬಗಲಲ್ಲಿ ನಡೆದಳು.

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಅನ್ನುತ್ತಾರೆ. ದೌಲತರಾಯರು ತಾಯಿಗೆ ಏನೂ ಅನ್ನುವಂತಿರಲಿಲ್ಲ. ಮರುದಿನ ಇಳಿಹೊತ್ತಿಗೆ ಅಂಗಡಿಯ ಮುಂದೆ ಬಂದು ನಿಂತರು. ಆವತ್ತು ಚಮನಸಾಬ ಜ್ವರ ಬಂದು ಮನೆಯಲ್ಲಿ ಮಲಗಿದ್ದ.

“ಪೀರಮ್ಮ, ನಮ್ಮವ್ವನ ಮಾತು ಊರ ತುಂಬ ಮೊಬೈಲಿನ್ಯಾಗ ಓಡಾಡಾಕತ್ಯಾದ. ಇಂಜಿನಿಯರನ್ನ ಬಿಟ್ಟು ಮಂದಿ ನನ್ನ ನೋಡಿ ನಗಾಕತ್ಯಾರ.”

“ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ, ಸಾವ್ಕಾರ್ರ.”

“ನಂದೇನಿಲ್ಲ. ಅಂಗಡಿ ನಡೀಲಿ. ನೀ ಕೂಡು, ನಿನ್ನ ತಮ್ಮನೂ ಕೂಡ್ಲಿ. ಆದ್ರ ಅಂಗಿ ಪೈಜಾಮದಾಗ ಕೂಡ್ಲಿ. ಪರದಿ ಹಿಂದೂ ಸೀರಿ ಬ್ಯಾಡ. ಮಂದಿ ನಡುವ ನಿಂತು ಬಳಿ ಅಂದ್ರ ನನ್ನ ಬಳಿ, ಸೀರಿ ಅಂದ್ರ ನನ್ನ ಸೀರಿ ಅನ್ನಾವ ನನ್ನ ಕಟ್ಟಡದಾಗ ಬ್ಯಾಡ.”

ಪೀರಬಿಯ ನಾಲಿಗೆಗೆ ಹಳೆಯ ರೂಢಿ. ‘ಆಗ್ಲಿರಿ’ ಅನ್ನುವ ಮಾತು ತುಟಿಯ ತನಕ ಬಂದೇ ಬಂತು. ಅರ್ಧ ಬಿಟ್ಟುಕೊಟ್ಟು ಅರ್ಧ ಉಳಿಸಿಕೋ ಅಂತ ಜನ್ಮವಿಡೀ ಮಾಡಿದ್ದಳಲ್ಲ. ಆದರೆ ಅದೇ ಲೆಕ್ಕ ಅವಳನ್ನು ತಡೆಯಿತು. ಬೀದಿಯನ್ನು ಅಫಜಲಪುರ ಬಿಟ್ಟಾಗಲೇ ಬಿಟ್ಟುಕೊಟ್ಟಾಗಿತ್ತು. ಈಗ ಕೇಳುತ್ತಿರುವುದು ಉಳಿದ ಅರ್ಧ. ಇದನ್ನು ಕೊಟ್ಟರೆ ನಾಳೆ ಮನೆಯ ಒಳಗಿನದನ್ನು ಕೇಳುತ್ತಾರೆ, ನಾಡಿದ್ದು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆಯನ್ನೂ. ವ್ಯಾಪಾರ ತಿಳಿದವಳಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ? ಗಿರಾಕಿ ಎಲ್ಲಿಯ ತನಕ ಇಳಿಸಬಹುದು ಅಂತ ಒಂದು ಗೆರೆ ಇರುತ್ತದೆ. ಅದರ ಕೆಳಗೆ ಇಳಿದರೆ ಮಾಲು ಪುಕ್ಕಟೆ ಕೊಟ್ಟ ಹಾಗೆ.

ಅವಳು ಎದ್ದು ಸೊಂಟದಿಂದ ಕೀಲಿಕೈ ಬಿಡಿಸಿದಳು.

“ಜಾಗಾ ನಿಮ್ದರಿ, ತಗೋರಿ. ತಮ್ಮ ನನ್ನವ.”

ದೌಲತರಾಯರು ಕೈ ಚಾಚಲಿಲ್ಲ. “ಏ, ಹುಚ್ಚಿ ಆಗಬ್ಯಾಡ, ಪೀರಮ್ಮ. ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗ್ತಿ? ನಾ ಏನ್ ದೊಡ್ಡದ ಕೇಳೀನಿ? ಮೈಮ್ಯಾಲಿನ ಒಂದು ಅರಬಿ ಬದಲ ಮಾಡು ಅಂದೀನಿ, ಅಷ್ಟ.”

“ಅಷ್ಟ ಅಲ್ಲೇನ್ರಿ? ಹಂಗಾದ್ರ ನೀವ ಬದಲ ಮಾಡ್ರಿ. ನಾಳಿಂದ ಧೋತ್ರ ಬಿಟ್ಟು ಸೀರಿ ಉಡ್ರಿ ಅಂತ ನಾ ಅಂದ್ರ ಉಡ್ತೀರೇನು? ಒಂದು ಅರಬಿ, ಅಷ್ಟ.”

ಅವರ ಮುಖ ಕೆಂಪಾಯಿತು. ಕೀಲಿಯನ್ನು ಅವಳು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟು, ಅವರು ಅಲ್ಲೇ ನಿಂತಿರುವಂತೆಯೇ ಬಳೆಗಳನ್ನು ಹುಲ್ಲಿನಲ್ಲಿ ಸುತ್ತತೊಡಗಿದಳು. ಸ್ವಲ್ಪ ಹೊತ್ತು ನೋಡಿ ದೌಲತರಾಯರು ಮೆಟ್ಟಿಲೇರಿ ಹೋದರು.

ಅಂಗಡಿ ಹೋದ ಬಳೆಗಾರರು ಉಪವಾಸ ಸತ್ತದ್ದು ಎಲ್ಲೂ ಇಲ್ಲ. ಅಂಗಡಿ ಬರುವುದಕ್ಕಿಂತ ಮೊದಲು ಅವರ ಅಪ್ಪ, ಅಜ್ಜ ಎಲ್ಲ ಮಲಾರ ಹೊತ್ತವರೇ. ಬಳೆಗಳನ್ನು ದಾರಕ್ಕೆ ಪೋಣಿಸಿ, ಸಾಲು ಸಾಲಾಗಿ ಕಟ್ಟಿ, ಹೆಗಲ ಮೇಲೆ ಇಳಿಬಿಟ್ಟುಕೊಂಡು ಮನೆಮನೆಗೆ ತಿರುಗುವುದಕ್ಕೆ ಮಲಾರ ಅನ್ನುತ್ತಾರೆ. ಚಮನಸಾಬನ ಜ್ವರ ಇಳಿದ ದಿನ ಪೀರಬಿ ಅಂಗಳದಲ್ಲಿ ಕೂತು ಮಲಾರ ಕಟ್ಟಿದಳು. ಕೆಂಪು, ಹಸಿರು, ಹಳದಿ, ಚುಕ್ಕಿಯವು ನಡುವೆ.

“ಮಣಕಾಲ ಬ್ಯಾನಿ ಇಟ್ಕೊಂಡು ನೀ ಹೆಂಗ ತಿರಗ್ತಿ?” ಅಂದ ಚಮನಸಾಬ. ಅಂಗಿ ಪೈಜಾಮದಲ್ಲಿ ಕೂತಿದ್ದ. ಅಂಗಡಿ ಹೋದದ್ದು ತನ್ನಿಂದ ಅನ್ನುವುದು ಅವನ ಮುಖದಲ್ಲಿ ಬರೆದಂತಿತ್ತು. “ನಾ ಹೋಗಿ ಸಾವ್ಕಾರ್ರ ಕಾಲು ಹಿಡೀತೇನಿ, ಆಪಾ. ಅಂಗಿಯೊಳಗ ಕೂಡ್ತೇನಿ. ಏನಾಗ್ತದ? ನಡದು ನೋಡೂದಿತ್ತು, ನೋಡೀನಿ.”

“ಮಣಕಾಲು ನಂದು. ನಾ ನೋಡ್ಕೋತೇನಿ” ಅಂದಳು ಪೀರಬಿ. “ಮೊದಲ ಆ ಅಂಗಿ ತಗಿ. ಸೀರಿ ಉಟ್ಕೋ. ಮಲಾರ ಹೊರಾಕ ಹೆಗಲ ಮ್ಯಾಲ ಸೆರಗ ಬೇಕು, ಇಲ್ಲಂದ್ರ ದಾರ ಕೊರೀತದ.”

ಅವನು ಅಕ್ಕನ ಮುಖ ನೋಡಿದ. ಅವಳು ದಾರದ ಗಂಟು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಳು.

ಬಿಸಿಲೇರುವ ಮೊದಲೇ ಹೊರಟರು. ಚಮನಸಾಬನ ಮೈಮೇಲೆ ನೀಲಿ ವಾಯಿಲ್ ಸೀರೆ, ಎರಡೂ ಹೆಗಲಿಗೆ ಮಲಾರ, ನಡೆದರೆ ಝಣಝಣ. ಪೀರಬಿ ಕೈಯಲ್ಲಿ ಬುಟ್ಟಿ. ಓಣಿಯ ತುದಿಯಲ್ಲಿ ಚಮನಸಾಬ ಶಿವಕಾಂತಾಳ ಮನೆಯ ಕಡೆ ಹೊರಳಿದ. ಅಲ್ಲಿ ಒಳಗೆ ಕರೆಯುವ ಮಂದಿ ಇದ್ದರು, ನಗುವವರು ಕಡಿಮೆ.

“ಅತ್ತಾಗಲ್ಲ” ಅಂದಳು ಪೀರಬಿ.

“ಮತ್ತೆತ್ತಾಗ?”

“ದೌಲತರಾಯರ ಓಣಿಗಿ.”

ಚಮನಸಾಬ ನಿಂತ. “ಆಪಾ, ಇವತ್ತ ಬ್ಯಾಡ. ಮೊದಲ ಬ್ಯಾರೆ ಕಡೆ ನಾಕ ಮನಿ ತಿರಗೂಣು. ಅಲ್ಲಿ ಬಾಗಲಾ ಹಾಕ್ಕೊಂಡ್ರ?”

“ಹಾಕ್ಕೊಳ್ಳಿ. ಪರದಿ ಹಿಂದ ಕೂತಿದ್ದಾಗ ನಿನ್ನ ಯಾರ್ ನೋಡ್ತಿದ್ರು? ಬಳಿ ಬೇಕಂದಾಕಿ ಅಷ್ಟ ನೋಡ್ತಿದ್ಳು. ಜಾಗಾ ಬಿಡಿಸ್ಯಾರಲ್ಲ, ಇನ್ನ ಓಣಿ ಓಣಿ ನೋಡ್ಲಿ. ದಿನಾ ನೋಡ್ಲಿ. ನೋಡಿ ನೋಡಿ ಬ್ಯಾಸರಾಗೂ ತನಕ ನೋಡ್ಲಿ.”

ದೌಲತರಾಯರ ಓಣಿ ಅಗಲವಾಗಿತ್ತು. ಕಲ್ಲು ಹಾಸಿದ ಕಟ್ಟೆಗಳ ದೊಡ್ಡ ಮನೆಗಳು. ಮುಂಜಾನೆಯ ನಲ್ಲಿಯ ನೀರು ಬಂದು ಹೋಗಿತ್ತು, ಅಂಗಳಗಳು ಇನ್ನೂ ಹಸಿಯಾಗಿದ್ದವು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಇಬ್ಬರು ಗಂಡಸರು ತಲೆ ಎತ್ತಿ, ಒಬ್ಬರನ್ನೊಬ್ಬರು ನೋಡಿಕೊಂಡರು. ದೌಲತರಾಯರ ಮನೆಯ ಮುಂದೆ ಅವರ ಕಾರು ನಿಂತಿತ್ತು. ಮನೆಯಲ್ಲೇ ಇದ್ದರು ಅಂತ ಆಯಿತು.

ಪೀರಬಿ ಓಣಿಯ ನಡುಮಧ್ಯ ನಿಂತಳು. ಕೂಗಿ ಮಾರಿ ಅವಳಿಗೆ ರೂಢಿ ಇರಲಿಲ್ಲ. ಅಪ್ಪನ ಹಿಂದೆ ತಿರುಗುವಾಗ ಕೇಳಿದ್ದಷ್ಟೇ. ಮೊದಲ ಸಲ ದನಿ ಗಂಟಲಲ್ಲೇ ಒಡೆಯಿತು. ಪೇಪರಿನವರಲ್ಲೊಬ್ಬ ನಕ್ಕ. ಅವಳು ಕೆಮ್ಮಿ, ಉಗುಳು ನುಂಗಿ, ಹೊಟ್ಟೆಯಿಂದ ಎತ್ತಿದಳು.

“ಬಳೀ... ಬಳಿ ಇಡಸ್ಕೋತೀರೇನ್ರೀ, ಬಳೀ...”

ಒಂದು ಕಿಟಕಿ ಮುಚ್ಚಿತು. ಇನ್ನೊಂದು ಮನೆಯಲ್ಲಿ ಬಾಗಿಲ ಅಗಳಿ ಸರಿದ ಸದ್ದಾಯಿತು.

“ಯಾರ್ ಬಂದಾರ?” ಅಂತ ಒಳಗಿನಿಂದ ಹೆಂಗಸಿನ ದನಿ ಕೇಳಿತು.

“ಪೀರಬಿ ಬಂದಾಳವ್ವಾ” ಅಂತ ಅವಳು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. “ಚಮನಸಾಬ ಬಂದಾನ. ಸೀರಿ ಉಟ್ಕೊಂಡು ಬಂದಾನ. ಹೊರಗ ಬಂದು ಕೈ ಕೊಡ್ರಿ.”